ಕೋವಿಯ ಬೆನ್ನಿನಲ್ಲೊಂದು ಕೂದಲೆಳೆಯ ಸಂದು

ಮಟ್ಟುವಿನಲ್ಲಿ ಕೋವಿಗೆ ಕೆಲಸವಿಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಮರಳುಮಣ್ಣಿನಲ್ಲಿ ಗುಳ್ಳದ ಗದ್ದೆ. ನಮ್ಮ ಕಿವಿಗೆ ಪರಿಚಯವಿದ್ದ ದೊಡ್ಡ ಸದ್ದೆಂದರೆ ಜಾತ್ರೆಯ ಗರ್ನಾಲು. ಕೋವಿಯನ್ನು ನಾನು ಮೊದಲು ಕೈಯಿಂದ ಮುಟ್ಟಿದ್ದು ಕಾರ್ಕಳದಿಂದಾಚೆ, ಘಟ್ಟದ ಬುಡದಲ್ಲಿರುವ ಸೋದರಮಾವನ ಮನೆಯಲ್ಲಿ. ಅಲ್ಲಿ ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಹಾಗಾಗಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ ಜೋಡುನಳಿಗೆಯ ತೋಟಾ ಕೋವಿಯೊಂದು ಅಜ್ಜನ ಕಾಲದಿಂದಲೂ ಚಾವಡಿಯ ಒಳಕೋಣೆಯಲ್ಲಿದೆ.

ಕೆಲ ವರ್ಷಗಳ ಹಿಂದೆ ಆ ಕೋವಿ ‘ಅಲುಗಲು’ ತೊಡಗಿತು. ಮಡಚಿ ತೋಟಾ ತುಂಬಿ ಮುಚ್ಚಿದರೆ ಮೊದಲಿನಂತೆ ಟಕ್ಕೆಂದು ಕೂರುತ್ತಿರಲಿಲ್ಲ. ಪರವಾನಗಿ ಇರುವ ರಿಪೇರಿಯವರಲ್ಲಿಗೆ ಮಾವ ಅದನ್ನು ಒಯ್ದಾಗ ಜೊತೆಗೆ ನಾನೂ ಹೋಗಿದ್ದೆ. ಅವರು ಕೋವಿಯನ್ನು ಬೆಳಕಿಗೆ ಹಿಡಿದು ನಳಿಗೆಯ ಹಿಂತುದಿಗೂ ಅದು ಒರಗುವ ಉಕ್ಕಿನ ಗೋಡೆಗೂ ನಡುವೆ ನೋಡಿದರು. ಬಳಿಕ ನಳಿಗೆ ಬಿಚ್ಚಿ, ಖಾಲಿ ತೋಟಾವನ್ನು ಮೇಲೆತ್ತುವ ಚಿಕ್ಕ ತುಂಡನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಚಿಮಿಣಿ ಎಣ್ಣೆಯ ದೀಪ ಹಚ್ಚಿ ಆ ಉಕ್ಕಿನ ಗೋಡೆಗೆ ಮಸಿ ಹಿಡಿಸಿದರು. ನಳಿಗೆಯನ್ನು ಮತ್ತೆ ಕೂರಿಸಿ ಮುಚ್ಚಿ, ತೆರೆದು ನೋಡಿದರೆ ಮಸಿ ನಳಿಗೆಯ ಕೆಳಅಂಚಿಗೆ ಮಾತ್ರ ಅಂಟಿತ್ತು, ಮೇಲಂಚು ಬೋಳಾಗಿತ್ತು.

“ಆ ತುಂಡನ್ನು ಯಾಕೆ ತೆಗೆದದ್ದು?” ಎಂದು ಕೇಳಿದೆ.

“ಅದು ಮಧ್ಯೆ ಇದ್ದರೆ ಕೋವಿ ಸುಳ್ಳು ಹೇಳ್ತದೆ ಮಾರಾಯ್ರೆ” ಎಂದರು.

ಈ ಮಾತಿನ ಅರ್ಥ ತಿಳಿಯಲು ನನಗೆ ಸಾಕಷ್ಟು ಓದಬೇಕಾಯಿತು. ನಮ್ಮ ಮೂಲೆಯ ರಿಪೇರಿ ಅಂಗಡಿಯಲ್ಲಿ ಮಸಿದೀಪದ ಬೆಳಕಿನಲ್ಲಿ ನಡೆಯುವ ಈ ಪರೀಕ್ಷೆಯೂ, ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ಮನೆಯ ಶೆಡ್ಡಿನಲ್ಲಿ ರೈಫಲ್ಲಿಗೆ ಹೊಸ ನಳಿಗೆ ಹಾಕುವಾಗ ಬೋಲ್ಟಿನಿಂದ ‘ಎಜೆಕ್ಟರ್’ ಎಂಬ ತುಂಡನ್ನು ಬಿಚ್ಚಿಡುವುದೂ ಒಂದೇ ಕಾರಣಕ್ಕೆ. ತೋಟಾದ ಬೆನ್ನಿಗೂ ಅದಕ್ಕೆ ಆತುಕೊಡುವ ಉಕ್ಕಿಗೂ ನಡುವೆ ಉಳಿಯುವ ಅತಿ ಸಣ್ಣ ಸಂದನ್ನು ಅಳೆಯಲು. ಇಂಗ್ಲಿಷಿನಲ್ಲಿ ಈ ಲೆಕ್ಕಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆಂದೇ ಒಂದು ಪದ ಹುಟ್ಟಿದಂತಿಲ್ಲ. ಇಲ್ಲಿ ‘ಸಂದು’ ಎಂದೇ ಕರೆಯೋಣ. ಕೋವಿಯ ಚರಿತ್ರೆಯಲ್ಲಿ ಈ ಸಂದಿಗೆ ಒಂದು ಹುಟ್ಟಿದ ಕಾಲವಿದೆ. ಅದಕ್ಕೂ ಮೊದಲು ಅದು ಇರಲೇ ಇಲ್ಲ.

ಹಿಂಬಾಗಿಲಿಲ್ಲದ ಕೋವಿ

ನಮ್ಮ ಭಾಷೆಯಲ್ಲಿ ಈ ಆಯುಧಕ್ಕೆ ಹೆಸರುಗಳಿಗೆ ಬರವಿಲ್ಲ. ಬಂದೂಕು ಅರಬ್ಬಿ, ಪಾರಸಿ ದಾರಿಯಾಗಿ ಬಂದದ್ದು. ತುಪಾಕಿ ತುರ್ಕಿ ಮೂಲದ್ದು. ಕೊಡವರಿಗೆ ತೋಕ್. ತುಳುವರ ಬೆಡಿ ಕೋವಿಗೂ ಸಲ್ಲುತ್ತದೆ, ದೇವಸ್ಥಾನದ ಸಿಡಿಮದ್ದಿಗೂ ಸಲ್ಲುತ್ತದೆ. ಕಾಸರಗೋಡಿನ ಕುಂಬಳೆ ಗೋಪಾಲಕೃಷ್ಣ ದೇವಳದ ಜಾತ್ರೆ ‘ಕುಂಬಳೆ ಬೆಡಿ’ ಎಂದೇ ಪ್ರಸಿದ್ಧ. ಕೋವಿ ಎಂದರೆ ಮೂಲತಃ ಕೊಳವೆ. ಹಳೆಯ ಕೋವಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು. ಒಂದು ತುದಿ ತೆರೆದ, ಇನ್ನೊಂದು ತುದಿ ಭದ್ರವಾಗಿ ಮುಚ್ಚಿದ ಕಬ್ಬಿಣದ ಕೊಳವೆ ಅದು. ಬಾಯಿಯಿಂದ ಮದ್ದು ಸುರಿದು, ಮೇಲೆ ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿಯಬೇಕು. ಹೋಗುವುದೂ ಬರುವುದೂ ಒಂದೇ ಬಾಗಿಲಲ್ಲಿ.

ಪೋರ್ಚುಗೀಸರ ಕಾಲದಲ್ಲಿ ಕರಾವಳಿಗೆ ಬಂದ ಬತ್ತಿಯ ಕೋವಿ ಹೀಗಿತ್ತು. ಶ್ರೀರಂಗಪಟ್ಟಣದಲ್ಲೂ ಬಿದನೂರಿನಲ್ಲೂ ಹೈದರ್ ಮತ್ತು ಟಿಪ್ಪುವಿನ ಕಾರ್ಖಾನೆಗಳು ಮಾಡಿದ ಚಕಮಕಿ ಕಲ್ಲಿನ ಕೋವಿಯೂ ಹೀಗೆಯೇ. ಬಿದನೂರೆಂದರೆ ಹೊಸನಗರ ತಾಲೂಕಿನ ಇಂದಿನ ನಗರ. ಉಡುಪಿಯಿಂದ ಘಟ್ಟ ಹತ್ತಿದರೆ ಒಂದು ಹೊತ್ತಿನ ದಾರಿ. 1763ರಲ್ಲಿ ಹೈದರನ ವಶವಾದ ಈ ಊರಿನ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್ಟುಗಳು ಸಿಕ್ಕಿದ್ದು ಸುದ್ದಿಯಾಗಿತ್ತು. ಆ ರಾಕೆಟ್ಟುಗಳೂ ಒಂದು ತುದಿ ಮುಚ್ಚಿದ ಕಬ್ಬಿಣದ ಕೊಳವೆಗಳೇ ಎಂಬುದನ್ನು ಗಮನಿಸಬೇಕು. ಕೊಳವೆಯ ಕುಂಡಿ ಮುಚ್ಚುವ ವಿದ್ಯೆ ನಮ್ಮ ಕಮ್ಮಾರರಿಗೆ ಚೆನ್ನಾಗಿ ತಿಳಿದಿತ್ತು.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಬಡಿತಕ್ಕೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಬಾತುಕೋಳಿ ಬೇಟೆಯಲ್ಲಿ ಚಕಮಕಿಯ ಕಿಡಿ ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದೇ ಆತನಿಗೆ ಪ್ರೇರಣೆಯಂತೆ. ಅದರಿಂದ ಮುಂದೆ ತಾಮ್ರದ ಪುಟ್ಟ ಟೊಪ್ಪಿಗೆಯಂಥ ಕೇಪು ಬಂತು. ನಮ್ಮ ಮಲೆನಾಡಿನ, ಘಟ್ಟದ ಕೆಳಗಿನ ‘ಕೇಪಿನ ಕೋವಿ’ಯ ವಂಶಮೂಲ ಇದು. ಕೋವಿಯ ಕುದುರೆ ಬಿದ್ದು ಕೇಪಿಗೆ ಬಡಿಯುತ್ತದೆ, ಕಿಡಿ ಒಳಗೆ ಹೋಗುತ್ತದೆ, ಈಡು ಹಾರುತ್ತದೆ. ಇಷ್ಟಾದರೂ ಹಿಂತುದಿ ಮಾತ್ರ ಮುಚ್ಚಿಯೇ ಇತ್ತು. ಮದ್ದು ಹೆಚ್ಚಾದರೆ ನಳಿಗೆ ಸೀಳೀತು, ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದೀತು. ಆದರೆ ಸಂದು ಎಂಬ ಪ್ರಶ್ನೆಯೇ ಇಲ್ಲ. ತೆರೆಯದ ಬಾಗಿಲಿಗೆ ಅಗುಳಿಯ ಚಿಂತೆ ಏಕೆ?

ಬಾಗಿಲು ತೆರೆದಾಗ

ಚಿಂತೆ ಬಂದದ್ದು ಸೈನ್ಯಗಳಿಗೆ ಅವಸರವಾದಾಗ. ಬಾಯಿಯಿಂದ ತುಂಬುವ ಕೋವಿಯಲ್ಲಿ ಸಿಪಾಯಿ ಎದ್ದು ನಿಂತು ಗಜ ಹಾಕಬೇಕು. ಅಷ್ಟರಲ್ಲಿ ಎದುರಿನವನ ಗುಂಡಿಗೆ ಅವನೇ ಗುರಿ. ಹಿಂದಿನಿಂದ ತುಂಬುವಂತಾದರೆ ಮಲಗಿಕೊಂಡೇ ಹೊಡೆಯಬಹುದು. 1841ರಲ್ಲಿ ಪ್ರಷ್ಯದ ಸೈನ್ಯ ಡ್ರೈಸೆ ಎಂಬವನ ‘ಸೂಜಿ ಕೋವಿ’ಯನ್ನು ಒಪ್ಪಿಕೊಂಡಿತು. ಬಾಗಿಲ ಅಗುಳಿಯಂತೆ ಮುಂದೆ ತಳ್ಳಿ ಮಗುಚಿ ಭದ್ರಪಡಿಸುವ ಬೋಲ್ಟು ಇದ್ದ ಮೊದಲ ಸೇನಾ ರೈಫಲು ಅದು. ತೋಟಾ ಕಾಗದದ್ದು. ಅಗುಳಿ ಎಷ್ಟು ಬಿಗಿಯಾಗಿದ್ದರೂ ಸಂದಿಯಿಂದ ಉರಿ ಹಿಂದಕ್ಕೆ ನುಗ್ಗುತ್ತಿತ್ತು. ಮುಖ ಸುಟ್ಟುಕೊಳ್ಳುವ ಭಯಕ್ಕೆ ಕೆಲವು ಸಿಪಾಯಿಗಳು ಅದನ್ನು ಹೆಗಲಿಗೇರಿಸದೆ ಸೊಂಟದ ಬಳಿ ಹಿಡಿದೇ ಹೊಡೆಯುತ್ತಿದ್ದರು. ಹಾಗಿದ್ದೂ 1866ರಲ್ಲಿ ಆಸ್ಟ್ರಿಯದ ಮೇಲೆ ಪ್ರಷ್ಯ ಗೆದ್ದದ್ದರಲ್ಲಿ ಈ ಕೋವಿಯ ಪಾಲು ದೊಡ್ಡದು.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ 1857 ನಡೆದುಹೋಗಿತ್ತು. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ, ಕೊಬ್ಬು ಸವರಿದ ತೋಟಾದ ಕತೆ ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದೇ. ಆ ಎನ್‌ಫೀಲ್ಡ್ ಬಾಯಿಯಿಂದ ತುಂಬುವ ರೈಫಲಾಗಿತ್ತು. ಇನ್ನೊಂದು ಹತ್ತು ವರ್ಷಗಳಲ್ಲೇ, 1866ರ ಸುಮಾರಿಗೆ, ಬ್ರಿಟಿಷರು ಅದೇ ರೈಫಲುಗಳ ಹಿಂತುದಿ ಕತ್ತರಿಸಿ ಸ್ನೈಡರನ ಹಿಂಬಾಗಿಲು ಜೋಡಿಸಿದರು. ದಂಗೆಯ ನಂತರ ದೇಶೀ ಪಲ್ಟನುಗಳಿಗೆ ಬಿಳಿಯರ ಪಲ್ಟನುಗಳಿಗಿಂತ ಒಂದು ತಲೆಮಾರು ಹಿಂದಿನ ಕೋವಿಯನ್ನೇ ಕೊಡುವುದು ಅವರ ರೂಢಿಯಾಯಿತು. ಬಿಳಿಯ ಸಿಪಾಯಿಯ ಕೈಯಲ್ಲಿ ಮಾರ್ಟಿನಿ-ಹೆನ್ರಿ ಇದ್ದಾಗ ದೇಶೀ ಸಿಪಾಯಿಗೆ ಸ್ನೈಡರ್. ಹಿಂಬಾಗಿಲಿನ ಕೋವಿ ಯಾರಿಗೆ, ಎಷ್ಟು ಒಳ್ಳೆಯದು ಎಂಬುದು ಕೂಡ ರಾಜಕೀಯವೇ ಆಗಿತ್ತು.

ಹಿಂಬಾಗಿಲಿನ ಉರಿ ತಡೆದದ್ದು ಬಿಗಿಯಾದ ಅಗುಳಿಯಲ್ಲ, ಹಿತ್ತಾಳೆ. ತೋಟಾದ ಹಿತ್ತಾಳೆಯ ಕೋಶ ಈಡಾದ ಕ್ಷಣದಲ್ಲಿ ಉಬ್ಬಿ ಸುತ್ತಲಿನ ಉಕ್ಕಿಗೆ ಅಂಟಿಕೊಳ್ಳುತ್ತದೆ. ಅಂಟಿದರೆ ಉರಿ ಹಿಂದೆ ಬರುವಂತಿಲ್ಲ. ಒತ್ತಡ ಇಳಿದ ಕೂಡಲೇ ಅದು ತುಸು ಕುಗ್ಗುತ್ತದೆ, ಆದುದರಿಂದ ಹೊರಗೆಳೆಯಲು ಬರುತ್ತದೆ. ಎಷ್ಟು ಸರಳ! ಆದರೆ ಹಿತ್ತಾಳೆಯ ಸೈರಣೆಗೂ ಮಿತಿಯಿದೆ. ತೋಟಾದ ಬೆನ್ನಿಗೂ ಬೋಲ್ಟಿನ ಮುಖಕ್ಕೂ ನಡುವೆ ಎಡೆ ಹೆಚ್ಚಿದ್ದರೆ, ಸೂಜಿ ಬಡಿದಾಗ ತೋಟಾ ಮೊದಲು ಮುಂದಕ್ಕೆ ಸರಿಯುತ್ತದೆ. ಅದರ ಮುಂಭಾಗದ ತೆಳು ಗೋಡೆ ಉಬ್ಬಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಿಂಭಾಗ ಮಾತ್ರ ಒತ್ತಡಕ್ಕೆ ಹಿಂದಕ್ಕೆ ಓಡಿ ಬೋಲ್ಟಿಗೆ ಬಡಿಯುತ್ತದೆ. ಮುಂದಿನದು ಅಲ್ಲೇ, ಹಿಂದಿನದು ಇಲ್ಲಿ. ನಡುವಿನ ಹಿತ್ತಾಳೆ ಎಳೆದ ಹಿಟ್ಟಿನಂತೆ ತೆಳುವಾಗಿ, ಕಡೆಗೆ ತಳಕ್ಕಿಂತ ತುಸು ಮೇಲೆ ಉಂಗುರದಂತೆ ಹರಿಯುತ್ತದೆ. ಸೈನ್ಯದ 7.62 ಮಿಲಿಮೀಟರ್ ತೋಟಾದೊಳಗಿನ ಒತ್ತಡ ಚದರ ಇಂಚಿಗೆ ಸುಮಾರು 60,000 ಪೌಂಡು, ಅಂದರೆ ಕಾರಿನ ಟಯರಿನ ಗಾಳಿಯ ಸುಮಾರು ಎರಡು ಸಾವಿರ ಪಟ್ಟು. ಹರಿದ ಹಿತ್ತಾಳೆಯಿಂದ ಅದು ಹೊರಬೀಳುವುದು ಹೊಡೆಯುವವನ ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ. ಪ್ರತಿಸಲವೂ ಹೀಗಾಗುತ್ತದೆ ಎಂದಲ್ಲ. ಉಕ್ಕಿನ ಚೌಕಟ್ಟು ಬಹುಪಾಲನ್ನು ತಡೆದುಕೊಳ್ಳುತ್ತದೆ, ಅದಕ್ಕೆಂದೇ ಉರಿ ಹೊರಹೋಗುವ ತೂತುಗಳನ್ನೂ ಇಟ್ಟಿರುತ್ತಾರೆ. ಆದರೆ ಕಣ್ಣು ಎರಡೇ ಇರುವುದು.

ಇಶಾಪುರದ ಅಗುಳಿ

ನಮ್ಮ ದೇಶದಲ್ಲಿ ಅತಿ ಹೆಚ್ಚು ಕೈಗಳು ಹಿಡಿದ ರೈಫಲೆಂದರೆ .303 ಲೀ-ಎನ್‌ಫೀಲ್ಡ್, ಠಾಣೆಯ ಭಾಷೆಯಲ್ಲಿ ‘ತ್ರೀ ನಾಟ್ ತ್ರೀ’. ಇದರ ಬೋಲ್ಟನ್ನು ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡದಲ್ಲಿ ಬೆಳೆದವನು. ಕೋಲ್ಕತ್ತದ ಬಳಿ ಹೂಗ್ಲಿ ತೀರದ ಇಶಾಪುರದಲ್ಲಿ, ಹಳೆಯ ಮದ್ದಿನ ಕಾರ್ಖಾನೆಯಿದ್ದ ಜಾಗದಲ್ಲಿ, 20ನೇ ಶತಮಾನದ ಆರಂಭದಲ್ಲಿ ರೈಫಲ್ ಕಾರ್ಖಾನೆ ಶುರುವಾಯಿತು. ಎರಡು ಮಹಾಯುದ್ಧಗಳಿಗೂ ಅಲ್ಲಿಂದ ರೈಫಲುಗಳು ಹೋದವು. ಸ್ವಾತಂತ್ರ್ಯದ ಬಳಿಕವೂ ಪೊಲೀಸ್ ಠಾಣೆಗಳ ಗೋಡೆಗಳಲ್ಲಿ ಇವೇ ಒರಗಿ ನಿಂತಿದ್ದವು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದ್ದು 2020ರ ಜನವರಿಯಲ್ಲಿ!

.303 ತೋಟಾದ ತಳಕ್ಕೆ ಹೊರಚಾಚಿದ ಅಂಚಿದೆ, ಕೊಪ್ಪರಿಗೆಯ ಕಂಠದಂತೆ. ಆ ಅಂಚು ನಳಿಗೆಯ ಹಿಂತುದಿಗೆ ಸಿಕ್ಕಿಕೊಂಡು ತೋಟಾ ಮುಂದೆ ಹೋಗದಂತೆ ತಡೆಯುತ್ತದೆ. ಹಾಗಾಗಿ ಇಲ್ಲಿ ಸಂದಿನ ಲೆಕ್ಕವೆಲ್ಲ ಆ ಅಂಚಿನ ದಪ್ಪಕ್ಕೆ ಸಂಬಂಧಿಸಿದ್ದು. ಸೈನ್ಯದ ಅಳತೆಯಂತೆ ಎಡೆ ಇಂಚಿನ ಸಾವಿರದ 64 ಭಾಗಕ್ಕಿಂತ ಕಡಿಮೆ ಇರಬಾರದು, 74 ಭಾಗ ಮುಟ್ಟಬಾರದು. ಇದನ್ನು ಅಳೆಯಲು ಅಡಿಪಟ್ಟಿ ಬೇಡ. ಗಟ್ಟಿ ಉಕ್ಕಿನ ಎರಡು ಗೇಜುಗಳು ಸಾಕು. ಒಂದರ ಮೇಲೆ ಬೋಲ್ಟು ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು. ಮೊದಲನೆಯದು ‘ಗೋ’, ಎರಡನೆಯದು ‘ನೋ-ಗೋ’. ಓದುಬರಹ ಬಾರದ ಕೆಲಸಗಾರನೂ ಮಾಡಬಹುದಾದ ಪರೀಕ್ಷೆ ಇದು, ಮತ್ತು ಕಾರ್ಖಾನೆಯುಗದ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಲೀ-ಎನ್‌ಫೀಲ್ಡಿನ ಬೋಲ್ಟಿನ ತಲೆ ತಿರುಪಿನಂತೆ ಬಿಚ್ಚಿ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಂದ ನಾಲ್ಕನೇ ಮಾದರಿಗೆ ಈ ತಲೆಗಳನ್ನು ಸೊನ್ನೆಯಿಂದ ಮೂರರವರೆಗೆ ಅಂಕೆ ಒತ್ತಿ, ಒಂದಕ್ಕಿಂತ ಒಂದು ತುಸು ಉದ್ದವಾಗಿ ಮಾಡಿದರು. ಸವೆದು ಎಡೆ ಹೆಚ್ಚಾದ ರೈಫಲಿಗೆ ಒಂದು ಅಂಕೆ ಹೆಚ್ಚಿನ ತಲೆ ತೊಡಿಸಿದರೆ ಆಯಿತು. ಇಶಾಪುರದಲ್ಲಿ ತಯಾರಾದ ಹಳೆಯ ಮಾದರಿಗೆ ಈ ಅಂಕೆಯ ಸೌಕರ್ಯವಿರಲಿಲ್ಲ. ರಾಶಿಯಿಂದ ಹೊಂದುವ ತಲೆ ಆರಿಸಿ, ಬೇಕಿದ್ದರೆ ಉಜ್ಜಿ ಕೂರಿಸಬೇಕಿತ್ತು. ಕೂರಿಸಿದ ಬೋಲ್ಟಿನ ಹಿಡಿಕೆಯ ಮೇಲೆ ಆ ರೈಫಲಿನ ನಂಬರನ್ನೇ ಒತ್ತುತ್ತಿದ್ದರು. ಈ ಬೋಲ್ಟು ಈ ರೈಫಲಿಗೇ. ಪಕ್ಕದ ರೈಫಲಿಗೆ ಹಾಕಿದರೆ ಮುಚ್ಚಿಕೊಂಡೀತು, ಈಡೂ ಹಾರೀತು, ಸಂದು ಮಾತ್ರ ಯಾರ ಲೆಕ್ಕದಲ್ಲೂ ಇರಲಾರದು.

1962ರ ಚೀನಾ ಯುದ್ಧದ ಬಳಿಕ ಇಶಾಪುರದವರು ಇದೇ ಹಳೆಯ ವಿನ್ಯಾಸವನ್ನು ಗಟ್ಟಿ ಉಕ್ಕಿನಲ್ಲಿ ತಯಾರಿಸಿ 7.62 ಮಿಲಿಮೀಟರಿನ ಹೊಸ ತೋಟಾಕ್ಕೆ ಹೊಂದಿಸಿದರು. 2ಎ ಮತ್ತು 2ಎ1 ಎಂದು ಹೆಸರಾದ ಈ ರೈಫಲುಗಳು ಲೀಯ ಅಗುಳಿಗೆ ದೊರೆತ ಕೊನೆಯ ದೊಡ್ಡ ಕೆಲಸ. ಹೊಸ ತೋಟಾದಲ್ಲಿ ಹೊರಚಾಚಿದ ಅಂಚಿಲ್ಲ. ಹಾಗಾದರೆ ಅದನ್ನು ತಡೆದು ನಿಲ್ಲಿಸುವುದು ಯಾವುದು? ಬಾಟಲಿಯಂತೆ ಅದಕ್ಕೊಂದು ಭುಜವಿದೆ. ನಳಿಗೆಯ ಹಿಂಭಾಗದ ಚೇಂಬರ್ ಎಂಬ ಗೂಡಿನಲ್ಲೂ ಅದೇ ಓರೆಯ ಭುಜ ಕೊರೆದಿರುತ್ತದೆ. ಭುಜಕ್ಕೆ ಭುಜ ತಾಗಿ ತೋಟಾ ನಿಲ್ಲುತ್ತದೆ. ಅಂದರೆ ಸಂದಿನ ಲೆಕ್ಕ ಬೆನ್ನಿನ ಅಂಚಿನಿಂದ ಗೂಡಿನೊಳಗಿನ ಭುಜಕ್ಕೆ, ಕಣ್ಣಿಗೆ ಕಾಣದ ಜಾಗಕ್ಕೆ ಹೋಯಿತು. ಹೆಚ್ಚುಕಡಿಮೆ ಇದೇ ಅಳತೆಯ .308 ಎಂಬ ನಾಗರಿಕ ತೋಟಾಕ್ಕೆ ಅಮೆರಿಕದಲ್ಲಿ ನಿಗದಿಯಾಗಿರುವ ‘ಗೋ’ ಗೇಜು 1.630 ಇಂಚು, ‘ನೋ-ಗೋ’ 1.634 ಇಂಚು. ವ್ಯತ್ಯಾಸ ಇಂಚಿನ ಸಾವಿರದ ನಾಲ್ಕು ಭಾಗ. ನಮ್ಮ ಅಳತೆಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು. ಕೂದಲೆಳೆಯ ಅಂತರ ಎಂದು ಚುನಾವಣಾ ವರದಿಗಳಲ್ಲಿ ನಾವು ಸುಮ್ಮನೆ ಬರೆಯುತ್ತೇವೆ. ಇಲ್ಲಿ ಅದು ಅಕ್ಷರಶಃ ಒಂದು ದಪ್ಪ ಕೂದಲು.

ಸುಳ್ಳು ಹೇಳುವ ಸ್ಪ್ರಿಂಗು

ಈಗ ರಿಪೇರಿಯವರ ಮಾತಿಗೆ ಬರೋಣ. ಈಡಾದ ಮೇಲೆ ಖಾಲಿ ಕೋಶ ಹೊರಗೆ ಹೋಗಬೇಕಲ್ಲ? ಬೋಲ್ಟಿನಲ್ಲಿ ಒಂದು ಕೊಕ್ಕೆ ಅದನ್ನು ಗೂಡಿನಿಂದ ಹಿಂದಕ್ಕೆ ಎಳೆಯುತ್ತದೆ. ಎಳೆದದ್ದನ್ನು ಪಕ್ಕಕ್ಕೆ ಎಸೆಯುವುದು ಎಜೆಕ್ಟರಿನ ಕೆಲಸ. ಲೀ-ಎನ್‌ಫೀಲ್ಡಿನಲ್ಲಿ ಅದು ಚೌಕಟ್ಟಿನ ಎಡಗೋಡೆಯಿಂದ ಒಳಚಾಚಿದ ಬರಿಯ ಒಂದು ತಿರುಪುಮೊಳೆ. ಜರ್ಮನಿಯ 1898ರ ಮೌಸರಿನಲ್ಲಿ ಚೌಕಟ್ಟಿನ ಪಕ್ಕಕ್ಕೆ ಕೂರಿಸಿದ ಒಂದು ಅಲಗು. ಬೋಲ್ಟು ಪೂರ್ತಿ ಹಿಂದೆ ಬಂದಾಗ ಮಾತ್ರ ಕೋಶ ಅದಕ್ಕೆ ತಾಗಿ ಹಾರುತ್ತದೆ. ಬೋಲ್ಟು ಮುಚ್ಚುವಾಗ ಈ ತುಂಡುಗಳಿಗೆ ಮಾತಿಲ್ಲ. ಆದ್ದರಿಂದ ಇವುಗಳಲ್ಲಿ ಸಂದು ಅಳೆಯಲು ಎಜೆಕ್ಟರಿನ ಗೊಡವೆ ಇಲ್ಲ.

1936ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಗ್ಯಾರಂಡ್ ರೈಫಲಿನಲ್ಲಿ ಎಜೆಕ್ಟರು ಬೋಲ್ಟಿನ ಮುಖದೊಳಗೇ ಸೇರಿತು: ಬಾಲ್ ಪೆನ್ನಿನ ಗುಂಡಿಯಂತೆ ಒತ್ತಿದರೆ ಒಳಹೋಗುವ, ಬಿಟ್ಟರೆ ಚಿಮ್ಮುವ, ಸ್ಪ್ರಿಂಗಿನ ಒಂದು ಕಡ್ಡಿ. 1948ರಲ್ಲಿ ರೆಮಿಂಗ್ಟನ್ ಕಂಪೆನಿ ಅದನ್ನು ತನ್ನ ಬೇಟೆಯ ಬೋಲ್ಟ್ ರೈಫಲುಗಳಿಗೆ ತಂದಿತು. ಕಡಿಮೆ ಖರ್ಚು, ಬಲವಾದ ಬೋಲ್ಟು. ಬಳಿಕ ಬಂದ ಎಷ್ಟೋ ರೈಫಲುಗಳು ಅದನ್ನೇ ಅನುಸರಿಸಿದವು. ಆದರೆ ಈ ಕಡ್ಡಿ ತೋಟಾದ ಬೆನ್ನನ್ನು ಒಂದು ಮಗ್ಗುಲಲ್ಲಿ ಸದಾ ಮುಂದಕ್ಕೆ ತಳ್ಳುತ್ತಿರುತ್ತದೆ. ಗೇಜು ಇಟ್ಟು ಬೋಲ್ಟು ಮುಚ್ಚಿದರೆ ಕೈಗೆ ಸಿಗುವ ಬಿಗಿ ಯಾವುದರದ್ದು? ಗೇಜು ಭುಜಕ್ಕೆ ತಾಗಿದ್ದೋ, ಸ್ಪ್ರಿಂಗು ತಡೆದದ್ದೋ ಗೊತ್ತಾಗುವುದಿಲ್ಲ. ಗೇಜು ತುಸು ಓರೆಯಾಗಿ ನಿಂತರೂ ನಿಂತೀತು. ಕೂದಲೆಳೆಯ ಲೆಕ್ಕದಲ್ಲಿ ಓರೆ ಎಂಬುದು ಸಣ್ಣ ಮಾತಲ್ಲ. ಇನ್ನೂ ಎಡೆ ಉಳಿದಿರುವಾಗಲೇ ಸ್ಪ್ರಿಂಗಿನ ಬಿಗಿಯನ್ನು ಉಕ್ಕಿನ ಬಿಗಿ ಎಂದು ನಂಬಿ, ‘ಇಲ್ಲ, ಮುಚ್ಚುತ್ತಿಲ್ಲ, ಸರಿಯಾಗಿದೆ’ ಎಂದುಕೊಳ್ಳುವ ಅಪಾಯವಿದೆ.

ಹೀಗಾಗಿ ಕಸುಬು ಬಲ್ಲವರು ಮೊದಲು ಬೋಲ್ಟನ್ನು ಬೋಳು ಮಾಡುತ್ತಾರೆ. ಸೂಜಿ ಮತ್ತು ಅದರ ದೊಡ್ಡ ಸ್ಪ್ರಿಂಗು ಹೊರಗೆ. ಎಳೆಯುವ ಕೊಕ್ಕೆ, ಬಿಚ್ಚಲು ಬರುವಂಥದ್ದಾದರೆ, ಅದೂ ಹೊರಗೆ. ಎಜೆಕ್ಟರನ್ನು ಹಿಡಿದಿರುವ ಸಣ್ಣ ಅಡ್ಡಮೊಳೆಯನ್ನು ಹೊಡೆದು ತೆಗೆದರೆ ಕಡ್ಡಿ ಹೊರಗೆ. ಅದು ಸುಮ್ಮನೆ ಬರುವುದಿಲ್ಲ, ಚಿಮ್ಮುತ್ತದೆ; ಕನ್ನಡಕ ಹಾಕದವರ ಕಣ್ಣಿಗೋ ಶೆಡ್ಡಿನ ಮೂಲೆಗೋ. ಉಳಿದದ್ದು ಬರಿಯ ಉಕ್ಕು. ಆಗ ‘ಗೋ’ ಗೇಜಿನ ಮೇಲೆ ಬೋಲ್ಟಿನ ಹಿಡಿಕೆ ಬೆರಳು ಸೋಕಿದಷ್ಟಕ್ಕೇ, ತನ್ನ ಭಾರಕ್ಕೇ ಎಂಬಂತೆ ಕೆಳಗೆ ಬೀಳಬೇಕು. ‘ನೋ-ಗೋ’ ಮೇಲೆ ನಡುವೆ ನಿಲ್ಲಬೇಕು. ಒತ್ತಿ ಮುಚ್ಚುವಂತಿಲ್ಲ. ಬೋಲ್ಟಿನ ಹಿಡಿಕೆಗೆ ಸನ್ನೆಕೋಲಿನ ಶಕ್ತಿಯಿದೆ, ಕೈ ಜೋರು ಮಾಡಿದರೆ ಗೇಜೂ ಗೂಡೂ ಕೆಡುತ್ತವೆ. ಕೆಲವು ಗೇಜುಗಳ ಬೆನ್ನಿನಲ್ಲಿ ಎಜೆಕ್ಟರಿಗೆಂದೇ ತೋಡು ಬಿಟ್ಟಿರುತ್ತಾರೆ. ಅಂಥವಕ್ಕೆ ಈ ಬಿಚ್ಚುವ ರಗಳೆ ಇಲ್ಲ.

ಇದು ಮನೆಯ ಕೆಲಸವಾದದ್ದು ಹೇಗೆ ಎಂಬುದಕ್ಕೂ ಒಂದು ಇಸವಿಯಿದೆ. ಸಾಮಾನ್ಯವಾಗಿ ನಳಿಗೆಯನ್ನು ಚೌಕಟ್ಟಿಗೆ ತಿರುಗಿಸಿ ಹಾಕುವಾಗ ಅದು ಒಂದು ಕಡೆ ಬಂದು ನಿಲ್ಲುತ್ತದೆ. ಆ ನಿಲುಗಡೆಯನ್ನು ಲೇತಿನಲ್ಲಿ ಕಡೆದು ಹೊಂದಿಸಬೇಕು. ಅದಕ್ಕೆ ಯಂತ್ರ ಬೇಕು, ಪಳಗಿದ ಕೈ ಬೇಕು. 1958ರಲ್ಲಿ ಸ್ಯಾವೇಜ್ ಕಂಪೆನಿಯ 110 ಎಂಬ ಅಗ್ಗದ ರೈಫಲಿನಲ್ಲಿ ನಳಿಗೆಯನ್ನು ಹಿಡಿದಿಡಲು ಒಂದು ನಟ್ಟು ಬಂತು. ಗೇಜು ಇಟ್ಟು, ನಳಿಗೆಯನ್ನು ಅದಕ್ಕೆ ತಾಗುವವರೆಗೆ ತಿರುಗಿಸಿ, ನಟ್ಟು ಬಿಗಿದರೆ ಮುಗಿಯಿತು. ಕಂಪೆನಿಯ ಉದ್ದೇಶ ಕಾರ್ಖಾನೆಯ ಖರ್ಚು ಉಳಿಸುವುದಷ್ಟೇ ಆಗಿತ್ತು. ಆದರೆ ಸೈಕಲ್ಲಿನ ಚಕ್ರ ಬಿಗಿಯಬಲ್ಲವನೂ ರೈಫಲಿನ ನಳಿಗೆ ಬದಲಿಸಬಹುದು ಎಂದಾಯಿತು. ಅಲ್ಲಿನ ಕಾನೂನು ತನ್ನ ಕೋವಿಯನ್ನು ತಾನೇ ಸರಿಪಡಿಸಿಕೊಳ್ಳಲು ಅಡ್ಡಿ ಮಾಡದು. ಹೀಗೆ ನೂರು ವರ್ಷ ಕಾರ್ಖಾನೆಯ ಮೇಸ್ತ್ರಿ ಕಾಯ್ದ ಸಂದು ಅಡುಗೆಮನೆಯ ಮೇಜಿಗೆ ಬಂದು ಕೂತಿತು. ಎಜೆಕ್ಟರು ಬಿಚ್ಚದೆ ಅಳೆಯುವ ತಪ್ಪೂ ಅದರ ಜೊತೆಗೇ ಬಂತು.

ನಮ್ಮಲ್ಲಿ

ನಮ್ಮ ಮೇಜಿಗೆ ಅದು ಬರುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಐದನೇ ಸೆಕ್ಷನ್ನಿನ ಪ್ರಕಾರ ಬಂದೂಕು ತಯಾರಿಕೆಗೆ ಬೇಕಾದಂತೆಯೇ ದುರಸ್ತಿಗೂ ಪರೀಕ್ಷೆಗೂ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ರಿಪೇರಿ ಮಾಡುವ ಲೈಸೆನ್ಸ್ ಬೇರೆ. ಕೊಡಗಿನಲ್ಲಿ ಪರಿಸ್ಥಿತಿ ಭಿನ್ನ ಎಂದು ಹಲವರು ತಿಳಿದಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ಈ ವಿನಾಯಿತಿಯ ಎಳೆ ಕಡಿಯದೆ ಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ತೋಕಿಗೆ ಹೂವಿಟ್ಟು ಪೂಜೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ. ಕೋವಿ ರಿಪೇರಿಯ ಕಸುಬಿಗೆ ಅಲ್ಲ.

ರೈಫಲುಗಳ ಸದ್ದು ನಮ್ಮ ಕಾಡಿನಲ್ಲಿ ಅಡಗಿದ್ದು 1972ರ ವನ್ಯಜೀವಿ ಕಾಯ್ದೆಯ ಬಳಿಕ. ತೇಜಸ್ವಿಯವರ ಕನ್ನಡದಲ್ಲಿ ನಾವೆಲ್ಲ ಓದಿದ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್ ಈಗ ಕತೆಯ ಸಾಮಗ್ರಿ. ಉಳಿದದ್ದು ಬೆಳೆ ಕಾಯುವ ರೈತನ ಕೋವಿ, ಹೆಚ್ಚಾಗಿ ಅಜ್ಜನಿಂದ ಮೊಮ್ಮಗನಿಗೆ ಬಂದದ್ದು. ತೋಟಾ ಕೋವಿಯ ಒತ್ತಡ ರೈಫಲಿನದರ ಆರನೇ ಒಂದು ಪಾಲಿನಷ್ಟು. ಹಾಗಾಗಿ ಅದು ತಪ್ಪುಗಳನ್ನು ಸ್ವಲ್ಪ ಸಹಿಸುತ್ತದೆ. ಅಪಾಯವಿಲ್ಲ ಎಂದಲ್ಲ, ಎಚ್ಚರಿಕೆ ಕೊಟ್ಟು ಬರುತ್ತದೆ. ಮಡಚುವ ಕೀಲು ಸವೆದು ಬೆನ್ನಿನಲ್ಲಿ ಸಂದು ಬಿಟ್ಟಾಗ ಮೊದಲು ಅಲುಗುತ್ತದೆ, ಬಳಿಕ ಕೇಪು ಹಿಂದಕ್ಕೆ ಉಬ್ಬಿ ಬರುತ್ತದೆ, ಆಮೇಲೆ ಉರಿ. ಕೇಳಿಸಿಕೊಳ್ಳುವವರು ಬೇಕು. ಕೇಳಿಸಿಕೊಳ್ಳುವ ರಿಪೇರಿಯವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದು ನನ್ನ ಆತಂಕ. ಹೊಸ ಲೈಸೆನ್ಸ್ ಸಿಗುವುದು ಕಷ್ಟ, ಮಕ್ಕಳು ಬೆಂಗಳೂರಿನಲ್ಲಿ, ಕಸುಬಿಗೆ ಗಿರಾಕಿ ಎಂದರೆ ವರ್ಷಕ್ಕೆ ಕೆಲವರು. ಪರವಾನಗಿಯವರು ದೂರವಾದಷ್ಟೂ ಪೈಪು ಬೆಸೆದು ಕಳ್ಳಕೋವಿ ಮಾಡುವ ಕೈಗೇ ಅಜ್ಜನ ಕೋವಿಯೂ ಹೋಗುತ್ತದೆ. ಕಾನೂನು ದುರಸ್ತಿಯನ್ನು ಮನೆಯಿಂದ ಹೊರಗಿಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಹೊರಗೆ ಯಾರಾದರೂ ಇರಬೇಕಲ್ಲ.

ಮಾವನ ಕೋವಿಯ ವಿಷಯಕ್ಕೆ ಬಂದರೆ, ಅಲುಗದಂತೆ ತೆಳು ತಗಡಿನ ಪತ್ತಿ ಇಟ್ಟು ಕೊಡುವವರಿದ್ದಾರೆ, ಸಾಲದೇ ಎಂದು ಮಾವ ಕೇಳಿದರು. “ಒಂದು ಮಳೆಗಾಲಕ್ಕೆ ಸಾಕು, ಆಮೇಲೆ ನಿಮ್ಮ ಕಣ್ಣಿಗೆ ನಾನು ಜವಾಬ್ದಾರನಲ್ಲ” ಎಂದರು ರಿಪೇರಿಯವರು. ಹಳೆಯ ಕೀಲುಮೊಳೆ ತೆಗೆದು ತುಸು ದಪ್ಪದ್ದನ್ನು ಕೂರಿಸಿ, ಮಸಿ ಹಿಡಿಸಿ, ಉಜ್ಜಿ, ಮತ್ತೆ ಮಸಿ ಹಿಡಿಸಿ ನೋಡಿ ಮುಗಿಸಲು ಅವರಿಗೆ ಮೂರು ವಾರ ಹಿಡಿಯಿತು. ಕೊನೆಯ ದಿನ ನಳಿಗೆಯ ಹಿಂತುದಿಯ ಎರಡು ತೂತುಗಳ ಸುತ್ತಲೂ ಮಸಿ ಸಮನಾಗಿ ಅಂಟಿದ್ದನ್ನು ತೋರಿಸಿ, ಬಟ್ಟೆಯಲ್ಲಿ ಒರೆಸಿ, ಮೇಜಿನ ಮೇಲಿದ್ದ ಆ ಚಿಕ್ಕ ತುಂಡನ್ನು ಸ್ವಸ್ಥಾನಕ್ಕೆ ಸೇರಿಸಿದರು. 2023ರ ವಿಧಾನಸಭಾ ಚುನಾವಣೆಗೂ 2024ರ ಲೋಕಸಭಾ ಚುನಾವಣೆಗೂ ಮಾವ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬಂದರು. ಎರಡೂ ಸಲ ವಾಪಸ್ ತಂದ ಕೂಡಲೇ ಮಾಡಿದ ಮೊದಲ ಕೆಲಸ, ಖಾಲಿ ಕೋವಿಯನ್ನು ಮುಚ್ಚಿ ಬೆಳಕಿಗೆ ಹಿಡಿದು ಅದರ ಬೆನ್ನು ನೋಡುವುದು.